ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಜಾವಗಲ್ಲಿನಲ್ಲಿ ಮನುಷ್ಯರಿಗೆ ಜ್ವರ ಬಂದರೆ ಔಷಧಿ ಹೇಳುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಕಂಪ್ಯೂಟರಿಗೆ ಬಂದರೆ ನಲವತ್ತು ಜನ. ಮನುಷ್ಯರ ವಿಷಯದಲ್ಲಾದರೆ ಕೊನೆಗೆ ‘ಹಾಸನಕ್ಕೆ ಕರ್ಕೊಂಡ್ ಹೋಗ್ಬಿಡಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಯಾರೂ ಸೋಲೊಪ್ಪುವುದಿಲ್ಲ. ಎಲ್ಲರ ಔಷಧಿಯೂ ಉಚಿತ. ನಾನು ಎಲ್ಲವನ್ನೂ ತೆಗೆದುಕೊಂಡೆ.

ಕಂಪ್ಯೂಟರ್ ಕೊಡಿಸಿದ್ದು ಬೆಂಗಳೂರಿನಲ್ಲಿರುವ ಮಗ. ನಿವೃತ್ತ ಕನ್ನಡ ಮೇಷ್ಟ್ರಿಗೆ ಅದರಲ್ಲಿ ಎಂಥ ಮಹಾ ಕೆಲಸ? ತಿಪಟೂರಿನ ಕೊಬ್ಬರಿ ಧಾರಣೆ ನೋಡುವುದು, ಪಹಣಿ ತೆಗೆಯುವುದು, ಮಂಡಿನೋವಿಗೆ ಮದ್ದು ಹುಡುಕುವುದು, ಉಳಿದ ಹೊತ್ತಿನಲ್ಲಿ ನಮ್ಮೂರ ಲಕ್ಷ್ಮೀನರಸಿಂಹ ಗುಡಿಯ ಬಗ್ಗೆ ಪುಸ್ತಕ ಬರೆಯುವುದು. ಕರಡು ಮುದ್ರಿಸಲೆಂದು ಪೆನ್‌ಡ್ರೈವನ್ನು ಒಂದು ಡಿಟಿಪಿ ಅಂಗಡಿಗೆ ಒಯ್ದು ತಂದೆ. ಮನೆಗೆ ಬಂದು ಚುಚ್ಚಿದರೆ ‘ಜಗತಿ’, ‘ನವರಂಗ’, ‘ಗರ್ಭಗುಡಿ’ ಎಂಬ ನನ್ನ ಅಧ್ಯಾಯಗಳ ಫೋಲ್ಡರುಗಳ ಮೂಲೆಯಲ್ಲೆಲ್ಲ ಸೊಟ್ಟ ಬಾಣದ ಗುರುತು. ಯಾವುದೋ ಹೊಸ ಅಲಂಕಾರವಿರಬೇಕೆಂದುಕೊಂಡು ‘ಗರ್ಭಗುಡಿ’ ಒತ್ತಿದೆ. ತೆರೆಯಿತು. ನಾನು ಒಳಗೆ ಹೋದೆ, ನನ್ನ ಹಿಂದೆಯೇ ಇನ್ನೊಬ್ಬನೂ ಹೋದ. ಅದು ಶಾರ್ಟ್‌ಕಟ್ ವೈರಸ್ಸಂತೆ. ನಿಜವಾದ ಫೋಲ್ಡರುಗಳನ್ನು ಬಚ್ಚಿಟ್ಟು, ಅವುಗಳ ಹೆಸರಿನಲ್ಲಿ ತಾನು ಕೂತಿರುತ್ತದಂತೆ. ಒತ್ತಿದರೆ ನಮ್ಮ ಕಡತವನ್ನೂ ತೋರಿಸುತ್ತದೆ, ತನ್ನ ಕೆಲಸವನ್ನೂ ಮುಗಿಸುತ್ತದೆ.

ಸುದ್ದಿ ಹಬ್ಬಿತು. ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ಹುಡುಗ, ‘ದುಡ್ಡಿನ ಆಂಟಿವೈರಸ್ಸೇ ಹಾಕ್ಕೊಡ್ತೀನಿ ಮೇಷ್ಟ್ರೇ, ಕ್ರ್ಯಾಕ್ ಐತೆ, ಒಂದು ಪೈಸಾ ಬೇಡ’ ಎಂದ. ಕಳ್ಳರನ್ನು ಹಿಡಿಯುವುದನ್ನೇ ಕದ್ದು ತರುವ ಈ ಯೋಜನೆಗೆ ಮಾತ್ರ ನನ್ನ ಮೇಷ್ಟ್ರ ಮನಸ್ಸು ಒಪ್ಪಲಿಲ್ಲ. ಬಾಣಾವರದ ಭಾವಮೈದ ಫೋನಿನಲ್ಲಿ, ‘ಎರಡು ಹಾಕಿ ಭಾವ. ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡಿಯುತ್ತೆ’ ಎಂದ. ಎದುರುಮನೆಯ ಹಿರಿಯರು ಮೂಲಕ್ಕೇ ಕೈಹಾಕಿದರು: ‘ಆಯುಧಪೂಜೇಲಿ ಇದರ ಮುಂದೆ ಕುಂಬಳಕಾಯಿ ಒಡೆದಿದ್ರಾ?’

ಉಚಿತ ಆಂಟಿವೈರಸ್ ಹುಡುಕಲು ಕೂತೆ. ಸಿಕ್ಕಿದ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಹಸಿರು ಗುಂಡಿ ಒಂದಲ್ಲ, ಹಲವಾರು. ಅವುಗಳಲ್ಲಿ ದೊಡ್ಡದು ಯಾವತ್ತೂ ಜಾಹೀರಾತಿನದು, ಅಸಲಿಯದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನಾಚಿಕೊಂಡಿರುತ್ತದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ದೊಡ್ಡದನ್ನೇ ಒತ್ತಿದೆ. ಕರಾರುಪತ್ರ ತೆರೆದುಕೊಂಡಿತು. ಪೂರ್ತಿ ಇಂಗ್ಲಿಷು, ಸಣ್ಣಕ್ಷರ, ಕೊನೆಯೇ ಕಾಣದಷ್ಟು ಉದ್ದ. ‘ಪ್ರಶ್ನೆಪತ್ರಿಕೆಯನ್ನು ಮೊದಲು ಪೂರ್ತಿ ಓದಿರಿ’ ಎಂದು ವೃತ್ತಿಯುದ್ದಕ್ಕೂ ಮಕ್ಕಳ ತಲೆಯ ಮೇಲೆ ನಿಂತು ಹೇಳಿದವನು ನಾನು. ಒಂದಕ್ಷರವನ್ನೂ ಓದಲಿಲ್ಲ. ಕೆಳಗಿನ ಚೌಕಗಳಲ್ಲಿ ಮೊದಲೇ ಟಿಕ್ ಗುರುತು ಹಾಕಿತ್ತು. ಟಿಕ್ ಕಂಡರೆ ಸರಿ ಉತ್ತರ ಎಂದು ನಂಬಿದ ವೃತ್ತಿ ನಮ್ಮದು.

ಹೊಯ್ಸಳರ ಕಥೆಯಲ್ಲಿ ಸುದತ್ತ ಮುನಿ ‘ಹೊಯ್ ಸಳ’ ಎಂದಾಗ ಸಳ ಎರಡನೇ ಮಾತಾಡದೆ ಹುಲಿಗೆ ಹೊಡೆದ. ಬೇಲೂರಿನಲ್ಲಿ ಆ ಶಿಲ್ಪದ ಮುಂದೆ ನಿಲ್ಲಿಸಿ ಎಷ್ಟು ಮಕ್ಕಳಿಗೆ ಈ ಕಥೆ ಹೇಳಿದ್ದೇನೋ. ಪರದೆ ‘ನೆಕ್ಸ್ಟ್’ ಎಂದಿತು. ನಾನೂ ಎರಡನೇ ಮಾತಾಡದೆ ಹೊಡೆದೆ. ಮತ್ತೆ ‘ನೆಕ್ಸ್ಟ್’, ಮತ್ತೆ ಹೊಡೆದೆ. ವ್ಯತ್ಯಾಸ ಇಷ್ಟೆ: ಸಳ ಹೊಡೆದಾಗ ಹುಲಿ ಸತ್ತಿತು, ನಾನು ಹೊಡೆದಾಗ ಹುಲಿ ಮನೆಯೊಳಗೆ ಬಂತು.

ಬರುವಾಗ ಒಂದೇ ಬರಲಿಲ್ಲ. ಬ್ರೌಸರಿನ ನೆತ್ತಿಯ ಮೇಲೆ ಒಂದು ಟೂಲ್‌ಬಾರ್, ಅದರ ಮೇಲೆ ಇನ್ನೊಂದು, ರಿಯಾಯಿತಿ ದರದಲ್ಲಿ ಬೂಟು ಕೊಡಿಸುತ್ತೇನೆನ್ನುವ ಒಬ್ಬ ಸಹಾಯಕ, ಯಾವುದೋ ದೇಶದ ಹಿಮಪಾತವನ್ನು ಗಂಟೆಗೊಮ್ಮೆ ವರದಿ ಮಾಡುವ ಹವಾಮಾನ ತಜ್ಞ, ಇಷ್ಟೂ ಮಂದಿ ಸಂಸಾರ ಸಮೇತ ಬಂದಿಳಿದರು. ಪಹಣಿ ನೋಡಲು ಪರದೆಯಲ್ಲಿ ಉಳಿದ ಜಾಗ ಅಂಗೈಯಗಲ.

ಹೊಸ ಆಂಟಿವೈರಸ್ ಕೂಡಲೇ ತಪಾಸಣೆಗಿಳಿಯಿತು. ಜಾವಗಲ್ ಶ್ರೀನಾಥ್ ಅವರು ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆಯಲು 1991ರಿಂದ 2003ರವರೆಗೆ ಓಡಬೇಕಾಯಿತು. ಇದು ನಾನು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಅದಕ್ಕಿಂತ ಹೆಚ್ಚು ವೈರಸ್ ಉರುಳಿಸಿತ್ತು. ನನಗೆ ಹೆಮ್ಮೆಯೇ ಹೆಮ್ಮೆ. ‘ನೋಡಿದ್ಯಾ, ಎಷ್ಟು ಹಿಡೀತು!’ ಎಂದು ನನ್ನಾಕೆಯನ್ನು ಕರೆದೆ. ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿ, ‘ಇವೆಲ್ಲ ಹಾಕೋಕೆ ಮುಂಚೆ ಇದ್ವಾ, ಹಾಕಿದ್ಮೇಲೆ ಬಂದ್ವಾ?’ ಎಂದಳು. ಲೋಕದ ಪರಿಣತರು ಪುಟಗಟ್ಟಲೆ ಬರೆದಿರುವುದನ್ನು ಸಾರು ಕುದಿಯುವಷ್ಟರಲ್ಲಿ ಹೇಳಿ ಒಳಗೆ ಹೋದಳು. ನನಗೆ ಅರ್ಥವಾಗಲಿಲ್ಲ. ಹಿಡಿದದ್ದು ಉಚಿತ, ಅಳಿಸಬೇಕಾದರೆ ದುಡ್ಡು, ಈ ದರ ಇವತ್ತೊಂದೇ ದಿನ ಎಂದು ಕೆಂಪು ಅಕ್ಷರ ಮಿಣುಕತೊಡಗಿದಾಗ ಸ್ವಲ್ಪ ಅರ್ಥವಾಯಿತು.

ಆಗ ಭಾವಮೈದನ ಮಾತು ನೆನಪಾಗಿ ಎರಡನೆಯದನ್ನೂ ಹಾಕಿದೆ. ಆಂಟಿವೈರಸ್ ತಂತ್ರಾಂಶಗಳು ವೈರಸ್ಸುಗಳ ಗುರುತನ್ನು ತಮ್ಮ ಹತ್ತಿರ ಬರೆದಿಟ್ಟುಕೊಂಡಿರುತ್ತವೆ. ಒಂದರ ಪಟ್ಟಿ ಇನ್ನೊಂದರ ಕಣ್ಣಿಗೆ ಬಿದ್ದರೆ, ಇಗೋ ಸಿಕ್ಕಿದ ಎಂದು ಕುತ್ತಿಗೆ ಹಿಡಿಯುವುದುಂಟು. ಕಡತ ಯಾವುದೇ ತೆರೆಯಲಿ, ಎರಡೂ ಒಟ್ಟಿಗೆ ಮೂಸಿ ನೋಡಲು ನುಗ್ಗುತ್ತವೆ. ಬೆಳಗ್ಗೆ ಕಂಪ್ಯೂಟರ್ ಹಾಕಿ ಸ್ನಾನ, ಪೂಜೆ ಮುಗಿಸಿ ಬಂದರೂ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅವೆರಡೂ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: ನನ್ನ ಕನ್ನಡ ಟೈಪಿಂಗ್ ತಂತ್ರಾಂಶ ಅಪಾಯಕಾರಿ. ಒತ್ತಿದ ಕೀಲಿಗಳನ್ನೆಲ್ಲ ನಡುವೆ ನಿಂತು ನೋಡಿಕೊಂಡು ಕನ್ನಡ ಅಕ್ಷರ ಮೂಡಿಸುವುದು ಅದರ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರುಗಳೂ ಹಾಗೆಯೇ ನಿಂತು ನೋಡುತ್ತವಂತೆ. ಹೀಗಾಗಿ ನಿಜವಾದ ಕಳ್ಳ ‘ಗರ್ಭಗುಡಿ’ಯಲ್ಲಿ ಆರಾಮವಾಗಿದ್ದ, ಕನ್ನಡ ಮಾತ್ರ ಸೆರೆಮನೆ ಸೇರಿತು.

ಊರಹಬ್ಬಕ್ಕೆ ಹಳೆಯ ಶಿಷ್ಯನೊಬ್ಬ ಬಂದಿದ್ದ. ಕೊನೇ ಬೆಂಚಿನವನು, ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಭದ್ರತೆಯದೇ ಕೆಲಸ. ನನ್ನ ಯಂತ್ರ ತೆರೆದವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

‘ಸಾರ್, ಇಷ್ಟನ್ನೆಲ್ಲ ಯಾರು ಹಾಕಿದ್ದು?’

‘ಅದೇ ಬಂತು ಕಣೋ.’

‘ಹೋಂವರ್ಕ್ ಬಗ್ಗೆ ನಾನೂ ಹಿಂಗೇ ಹೇಳ್ತಿದ್ದೆ ಸಾರ್.’

ಆಮೇಲೆ ವಿಚಾರಣೆ ಶುರುವಾಯಿತು. ಸಾಮಾನ್ಯವಾಗಿ ತಂತ್ರಾಂಶ ಹಾಕುವ ಮುನ್ನ ವಿಂಡೋಸ್ ಪರದೆಯನ್ನು ಮಬ್ಬಾಗಿಸಿ ಒಂದು ಪ್ರಶ್ನೆ ಕೇಳುತ್ತದೆ. ಅದರಲ್ಲಿ ಪ್ರಕಾಶಕರ ಹೆಸರಿರುತ್ತದೆ. ಹೆಸರಿನ ಜಾಗದಲ್ಲಿ ‘ಅನ್‌ನೋನ್’ ಎಂದಿದ್ದರೆ ಅದಕ್ಕೆ ಡಿಜಿಟಲ್ ಸಹಿ ಇಲ್ಲ ಎಂದರ್ಥ. ‘ಅಲ್ಲೂ ಯೆಸ್ ಒತ್ತಿದ್ದೀರಲ್ಲ ಸಾರ್? ಅಪ್ಪನ ಸಹಿ ಇಲ್ಲದ ರಜಾ ಅರ್ಜಿ ಕೊಟ್ಟೆ ಅಂತ ನನ್ನನ್ನ ಒಂದು ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸಿದ್ರಿ.’

ಮೇಷ್ಟ್ರುತನ ಉಳಿಸಿಕೊಳ್ಳಲು ನಾನು ಇತಿಹಾಸದ ಮೊರೆಹೊಕ್ಕೆ. ಸಹಿಯ ಬೆಲೆ ನನಗೆ ಹೇಳಿಕೊಡಬೇಕಾಗಿಲ್ಲವೆಂದೂ, ಹೊಯ್ಸಳ ಶಿಲ್ಪಿಗಳು ತಾವು ಕಡೆದ ಮೂರ್ತಿಯ ಬುಡದಲ್ಲಿ ಹೆಸರು ಕೊರೆಯುತ್ತಿದ್ದರೆಂದೂ, 13ನೇ ಶತಮಾನದಲ್ಲಿ ನಮ್ಮ ಗುಡಿಯಲ್ಲಿ ದುಡಿದ ಮಲ್ಲಿತಮ್ಮ ಅಂಥ ಸಹಿಗಳಿಗೇ ಹೆಸರಾದವನೆಂದೂ ಒಂದು ಪಾಠ ಮಾಡಿದೆ. ಅವನು ಸಾವಧಾನವಾಗಿ ಕೇಳಿ, ‘ಹಿಂದೆ ವೈರಸ್ಸಿನವರಿಗೂ ಆ ಮರ್ಯಾದೆ ಇತ್ತು ಸಾರ್’ ಎಂದ. 1986ರಲ್ಲಿ ಲಾಹೋರಿನ ಅಲ್ವಿ ಸಹೋದರರು ಬರೆದ ‘ಬ್ರೇನ್’ ಪಿಸಿಗಳಿಗೆ ಹರಡಿದ ಮೊದಲ ವೈರಸ್ಸಂತೆ. ಅದರೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲ ಬರೆದಿದ್ದರಂತೆ. ಈಗಿನವರು ವಿಳಾಸ ಕೊಡುವುದಿಲ್ಲ, ನಮ್ಮ ವಿಳಾಸವನ್ನೇ ಒಯ್ಯುತ್ತಾರೆ.

‘ಹಾಗಾದ್ರೆ ದೊಡ್ಡ ಹೆಸರಿನ ಕಂಪನಿದು ಹಾಕಿದ್ರೆ ನಿಶ್ಚಿಂತೆ ಅನ್ನು’ ಎಂದೆ. ಅವನು ಇಲ್ಲವೆಂದು ತಲೆಯಾಡಿಸಿದ. ಜೆಕ್ ದೇಶದ ಅವಾಸ್ಟ್ ಉಚಿತ ಆಂಟಿವೈರಸ್‌ಗೆ ಲೋಕಪ್ರಸಿದ್ಧ. ಬಳಕೆದಾರರು ಯಾವ ಯಾವ ಜಾಲತಾಣಕ್ಕೆ ಹೋಗುತ್ತಾರೆಂಬ ಮಾಹಿತಿಯನ್ನು ಅದರ ಅಂಗಸಂಸ್ಥೆ ಜಂಪ್‌ಶಾಟ್ ಮಾರುತ್ತಿದ್ದುದು 2020ರ ಜನವರಿಯಲ್ಲಿ ಬಯಲಾಗಿ, ಆ ಅಂಗಡಿಯನ್ನು ಮುಚ್ಚಿದರು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವಾಸ್ಟ್ 1.65 ಕೋಟಿ ಡಾಲರ್ ಕೊಡಬೇಕೆಂದು ಆದೇಶಿಸಿತು. ನನಗೆ ಕೋಪಕ್ಕಿಂತ ಕುತೂಹಲವೇ ಹೆಚ್ಚಾಯಿತು. ಕೊಬ್ಬರಿ ಧಾರಣೆ ಮತ್ತು ಮಂಡಿನೋವು, ಇವೆರಡನ್ನು ಬಿಟ್ಟರೆ ನನ್ನ ಜೀವನದಲ್ಲಿ ಇನ್ನೇನಿದೆ? ಅದನ್ನೂ ಕೊಳ್ಳುವವರಿದ್ದಾರೆ ಎಂದರೆ ಈ ವಯಸ್ಸಿನಲ್ಲಿ ಒಂಥರಾ ಗೌರವವೇ.

ಅವನು ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೊರಗೆ ಹಾಕಿದ. ಬೂಟಿನವನು ಹೋದ, ಹಿಮಪಾತದವನು ಹೋದ, ಇಬ್ಬರು ಕಾವಲುಗಾರರೂ ಹೋದರು. ಕೊನೆಗೆ ಮೂಲೆಯಲ್ಲಿ ಒಂದು ಗುರಾಣಿಯ ಚಿತ್ರ ತಾನಾಗಿ ಮೇಲೆದ್ದಿತು. ವಿಂಡೋಸಿನ ಡಿಫೆಂಡರ್. 2012ರ ವಿಂಡೋಸ್ 8ರಿಂದ ಈಚೆಗೆ ಈ ಆಂಟಿವೈರಸ್ ಯಂತ್ರದ ಜೊತೆಗೇ ಬರುತ್ತದೆ, ಬೇರೆ ದುಡ್ಡಿಲ್ಲ. ಬೇರೆಯವರನ್ನು ಕರೆತಂದರೆ ಜಗಳವಾಡದೆ ಪಕ್ಕಕ್ಕೆ ಸರಿಯುತ್ತದೆ, ಅವರು ಹೋದರೆ ಮರಳಿ ಕೆಲಸಕ್ಕೆ ಕೂರುತ್ತದೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಇಂಥವಕ್ಕೆ ಪರೀಕ್ಷೆ ಮಾಡಿ ಅಂಕ ಕೊಡುತ್ತದಂತೆ, ಡಿಫೆಂಡರಿಗೆ 18ಕ್ಕೆ 18 ಬಂದದ್ದೂ ಉಂಟಂತೆ. ಯಾರಿಗೂ ಪೂರ್ತಿ ಅಂಕ ಕೊಟ್ಟವನಲ್ಲದ ನಾನು ಜರ್ಮನ್ ಮೇಷ್ಟ್ರುಗಳ ಧಾರಾಳತನಕ್ಕೆ ಬೆರಗಾದೆ.

‘ಆದ್ರೆ ಅಪ್‌ಡೇಟ್ ಬಂದಾಗ ‘ಆಮೇಲೆ’ ಅನ್ನಬೇಡಿ’ ಎಂದ. 2017ರ ಮೇ 12ರಂದು ವಾನಾಕ್ರೈ ಎಂಬುದು ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು 300 ಡಾಲರ್ ಕೇಳಿತ್ತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಉಚಿತವಾಗಿ ಕಳಿಸಿತ್ತು. ಸಿಕ್ಕಿಬಿದ್ದವರಲ್ಲಿ ‘ಆಮೇಲೆ’ ಎಂದವರು ಬಹಳ.

ಪೆನ್‌ಡ್ರೈವಿಗೆ ಏನು ಮದ್ದು ಎಂದೆ. ನಮ್ಮ ಸರ್ಕಾರವೇ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ತೆರೆದಿದೆಯಂತೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಅದನ್ನು ನಡೆಸುತ್ತದೆ. ಬಾಟ್ ಎಂಬ ದುಷ್ಟ ತಂತ್ರಾಂಶಗಳನ್ನು ತೆಗೆಯುವ ಸಲಕರಣೆ, ಪೆನ್‌ಡ್ರೈವುಗಳನ್ನು ಬಾಗಿಲಲ್ಲೇ ತಡೆದು ವಿಚಾರಿಸುವ ‘ಯುಎಸ್‌ಬಿ ಪ್ರತಿರೋಧ್’ ಎರಡೂ ಅಲ್ಲಿ ಉಚಿತ. ನಲವತ್ತು ಜನ ವೈದ್ಯರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ನಮ್ಮೂರಲ್ಲಿ ಸರ್ಕಾರಿ ಆಸ್ಪತ್ರೆಯ ಮಾತ್ರೆಗೂ ಇದೇ ಗತಿ, ಪುಕ್ಕಟೆ ಎಂದರೆ ನಂಬುತ್ತೇವೆ, ಸರ್ಕಾರ ಕೊಡುತ್ತದೆ ಎಂದ ಕೂಡಲೇ ಅನುಮಾನ. ಅವನು ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದ. ಬಚ್ಚಿಟ್ಟಿದ್ದ ಜಗತಿ, ನವರಂಗ, ಗರ್ಭಗುಡಿ ಮೂರೂ ಬಾಣವಿಲ್ಲದೆ ಎದ್ದು ಬಂದವು.

‘ಇದರ ಇನ್ನೊಂದು ಪ್ರತಿ ಎಲ್ಲಿದೆ ಸಾರ್?’

‘ಇಲ್ಲ.’

‘ಮಲ್ಲಿತಮ್ಮ ಕಲ್ಲಲ್ಲಿ ಕೆತ್ತಿದ, ಅವನಿಗೆ ನಡೀತು. ನೀವು ಬ್ಯಾಕಪ್ ಇಡಿ.’

ಹೊರಡುವ ಮುನ್ನ ಕೊನೆಯ ಬದಲಾವಣೆ ಮಾಡಿದ. ನನ್ನನ್ನು ಅಡ್ಮಿನಿಸ್ಟ್ರೇಟರ್ ಸ್ಥಾನದಿಂದ ಇಳಿಸಿ ಸಾಮಾನ್ಯ ಬಳಕೆದಾರನನ್ನಾಗಿ ಮಾಡಿದ. ಇನ್ನು ಮುಂದೆ ಏನೇ ಹಾಕಬೇಕಾದರೂ ಪಾಸ್‌ವರ್ಡ್ ಬೇಕು. ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಯಾರೆಂದು ವಿಚಾರಿಸಿ ತಿಳಿದುಕೊಂಡು, ಅದನ್ನು ಅಡುಗೆಮನೆಗೆ ಹೋಗಿ ನನ್ನಾಕೆಯ ಕಿವಿಯಲ್ಲಿ ಹೇಳಿ ಬಂದ. ಅವಳು ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ. ನಾನು ಹುಡುಕಿದ್ದೇನೆ.

ಮೊನ್ನೆ ಒಂದು ಪಂಚಾಂಗದ ತಂತ್ರಾಂಶ ಕಣ್ಣಿಗೆ ಬಿತ್ತು. ಅರ್ಜಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

‘ಯಾರದು ಅದು? ಹೆಸರು ಹಾಕಿದ್ದಾರಾ?’

‘ಅನ್‌ನೋನ್ ಅಂತಿದೆ.’

‘ದುಡ್ಡೆಷ್ಟು?’

‘ಉಚಿತ ಕಣೇ.’

‘ಗೋಡೆ ಮೇಲೆ ಒಂಟಿಕೊಪ್ಪಲ್ ಪಂಚಾಂಗ ನೇತಾಡ್ತಿದೆಯಲ್ಲ, ದುಡ್ಡು ಕೊಟ್ಟು ತಂದಿದ್ದು. ಅದನ್ನ ನೋಡಿ.’

ನೋಡಿದೆ. ಆ ಹೊತ್ತಿನಲ್ಲಿ ರಾಹುಕಾಲ.