ಕುಂಬಳಮಣಿದರ್ಪಣ

ಹೆವಿ ಮೆಟಲ್‌ಗೆ ಶಾಖೆಗಳೆಷ್ಟು ಎಂದು ಕೇಳಿದರೆ ಅದರ ಭಕ್ತರು ತಲೆಗೊಂದು ಲೆಕ್ಕ ಹೇಳುತ್ತಾರೆ. ಲೆಕ್ಕ ತಾಳೆಯಾಗದಿದ್ದರೆ ಜಗಳಕ್ಕೂ ನಿಲ್ಲುತ್ತಾರೆ. ಥ್ರ್ಯಾಶ್, ಡೆತ್, ಡೂಮ್, ಬ್ಲ್ಯಾಕ್ ಎಂಬ ಹೆಸರುಗಳನ್ನು ಕೇಳಿದರೇ ಸಾಕು, ಸಾಧು ಜನ ದೂರ ಸರಿಯುತ್ತಾರೆ. ಇವುಗಳ ನಡುವೆ ಕತ್ತಿ ಹಿಡಿದಿದ್ದರೂ ಹೆದರಿಸದೆ ಬರುವುದು ಪವರ್ ಮೆಟಲ್ ಒಂದೇ. ಅದರ ಯೂರೋಪಿನ ಕವಲಿಗೆ ಮೂಲಪುರುಷ ಯಾರೆಂಬ ಬಗ್ಗೆ ಬಲ್ಲವರಲ್ಲಿ ದೊಡ್ಡ ತಕರಾರಿಲ್ಲ: 1984ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಹೆಲೋವೀನ್.

ಈ ತಂಡದ ಚರಿತ್ರೆಯನ್ನು ವರ್ಷವಾರು ಬರೆದರೆ ಹಾಜರಿ ಪುಸ್ತಕವಾಗುತ್ತದೆ: ಇಂಥವನು ಬಂದ, ಇಂಥವನು ಹೋದ, ಇವನ ಜಾಗಕ್ಕೆ ಅವನು. ಆದರೆ ಬಂದದ್ದು, ಹೋದದ್ದು, ಬದಲಾದದ್ದನ್ನು ವಿಂಗಡಿಸುವ ಶಾಸ್ತ್ರವೊಂದು ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಬಾಯಿಪಾಠವಿದೆ. ಲೋಪ, ಆಗಮ, ಆದೇಶ. ಕೇಶಿರಾಜ ಶಬ್ದಗಳಿಗೆ ಮಾಡಿದ ಉಪಕಾರವನ್ನು ಈ ತಂಡದ ಲಾಂಛನವಾದ ಕುಂಬಳಕಾಯಿಗೂ ಮಾಡುವುದು ಈ ಗ್ರಂಥದ ಉದ್ದೇಶ. ಗ್ರಂಥದ ಹೆಸರೇ ಅರಿಸಮಾಸವಲ್ಲವೇ ಎಂದು ಹುಬ್ಬೇರಿಸುವವರಿಗೆ ಸಮಾಧಾನ ಇಷ್ಟೆ: ಬಿರುದಾವಳಿಗಳಲ್ಲಿ ಅದು ಸಲ್ಲುತ್ತದೆ, ಮತ್ತು ಇದು ಬಿರುದೇ.

ಸಂಜ್ಞಾ ಪ್ರಕರಣ

ಸೂತ್ರ: ಐದು ಲಕ್ಷಣಗಳುಳ್ಳದ್ದು ಪವರ್ ಮೆಟಲ್, ಆರನೆಯದೂ ಉಳ್ಳದ್ದು ಹೆಲೋವೀನ್.

ವೃತ್ತಿ: ಮೊದಲನೆಯದು ಜೋಡಿ ಕಾಲಿನ ಡ್ರಮ್. ಎರಡೂ ಪಾದಗಳು ಸರದಿಯಂತೆ ಬಾಸ್ ಡ್ರಮ್ಮನ್ನು ಬಡಿಯುತ್ತ, ಹಾಡು ಮುಗಿಯುವವರೆಗೂ ನೆಲ ಅದುರುತ್ತಲೇ ಇರಬೇಕು. ಎರಡನೆಯದು ಅವಳಿ ಗಿಟಾರ್: ಒಂದೇ ರಾಗವನ್ನು ಇಬ್ಬರು ಎರಡು ಸ್ವರಗಳ ಅಂತರದಲ್ಲಿ ಜೊತೆಜೊತೆಗೆ ನುಡಿಸುವುದು. ಇದು ಇಂಗ್ಲೆಂಡಿನ ಐರನ್ ಮೇಡನ್ ಮನೆತನದಿಂದ ಬಂದ ಆಸ್ತಿ. ಮೂರನೆಯದು ತಾರಸ್ಥಾಯಿ ಬಿಟ್ಟು ಕೆಳಗಿಳಿಯಲು ಒಪ್ಪದ ಗಂಡುಕಂಠ. ನಾಲ್ಕನೆಯದು ಮೊದಲ ಸಲ ಕೇಳಿದವನೂ ಎರಡನೆಯ ಸಲಕ್ಕೆ ದನಿಗೂಡಿಸಬಲ್ಲ ಪಲ್ಲವಿ. ಐದನೆಯದು ಉದ್ದ. ತಂಡದ ಹೆಸರನ್ನೇ ಹೋಲುವ ‘ಹ್ಯಾಲೋವೀನ್’ ಎಂಬ 1987ರ ಹಾಡು 13 ನಿಮಿಷದ್ದು. ಮರುವರ್ಷದ ‘ಕೀಪರ್ ಆಫ್ ದಿ ಸೆವೆನ್ ಕೀಸ್’ ಕೂಡ ಅದಕ್ಕೆ ಕಡಿಮೆಯಿಲ್ಲ.

ಪ್ರಯೋಗಕ್ಕೆ 1988ರ ‘ಈಗಲ್ ಫ್ಲೈ ಫ್ರೀ’ಯನ್ನು ನೋಡಿ. ಡ್ರಮ್ ಮೊದಲ ಗಳಿಗೆಯಿಂದಲೇ ಓಡುತ್ತದೆ. ಗಾಯಕ ಪಲ್ಲವಿಗೆ ಬಂದಾಗ ರಾಗ ಒಂದೊಂದೇ ಮೆಟ್ಟಿಲು ಹತ್ತಿ, ಇನ್ನು ಜಾಗವಿಲ್ಲ ಎನ್ನುವಲ್ಲಿ ಮತ್ತೊಂದು ಮೆಟ್ಟಿಲು ಹತ್ತುತ್ತದೆ. ನಡುವಿನ ವಾದ್ಯಭಾಗದಲ್ಲಿ ಗಿಟಾರ್‌ಗಳು ಮಾತ್ರ ಮೆರೆಯುವುದಿಲ್ಲ, ಬಾಸ್‌ಗೂ ಡ್ರಮ್ಮಿಗೂ ಒಂದೊಂದು ಸರದಿ ಸಿಗುತ್ತದೆ. ಬರೆದವನು ಗಿಟಾರ್ ವಾದಕ ವೈಕಾಥ್ ಎಂಬುದನ್ನು ನೆನೆದರೆ ಇದು ಸಣ್ಣ ಔದಾರ್ಯವಲ್ಲ.

ಆರನೆಯ ಲಕ್ಷಣ ನಗು. ತಂಡದ ಹೆಸರು ಬರೆಯುವಾಗ ‘ಓ’ ಅಕ್ಷರದ ಜಾಗದಲ್ಲಿ ಹಲ್ಲು ಕಿರಿಯುವ ಕುಂಬಳಕಾಯಿ ಕೂರುತ್ತದೆ. 1985ರ ಮೊದಲ ಪೂರ್ಣ ಆಲ್ಬಂ ‘ವಾಲ್ಸ್ ಆಫ್ ಜೆರಿಕೊ’ದಲ್ಲಿ ‘ಗೋರ್ಗರ್’ ಎಂಬ ಹಾಡಿದೆ. ಅದರ ರಾಕ್ಷಸ ಪುರಾಣದವನಲ್ಲ, ಪಿನ್‌ಬಾಲ್ ಆಟದ ಯಂತ್ರದವನು. ‘ಡಾಕ್ಟರ್ ಸ್ಟೈನ್’ ಹಾಡಿನಲ್ಲಿ ಮನುಷ್ಯರನ್ನು ತಯಾರಿಸುವ ಹುಚ್ಚು ವಿಜ್ಞಾನಿಯ ಕಥೆಗೆ ಮಕ್ಕಳು ಕುಣಿಯುವಂಥ ರಾಗ. ಬೇರೆ ಮೆಟಲ್ ತಂಡಗಳಿಗೆ ಭಯಾನಕ, ರೌದ್ರ, ಬೀಭತ್ಸಗಳು ಸ್ಥಾಯಿ. ಇಲ್ಲಿ ವೀರ ಮತ್ತು ಹಾಸ್ಯ ಒಂದೇ ಎಲೆಯಲ್ಲಿ ಉಣ್ಣುತ್ತವೆ.

ಪ್ರಕೃತಿಭಾವ ಪ್ರಕರಣ

ಸೂತ್ರ: ಏನು ಎದುರಾದರೂ ಸಂಧಿಯಾಗದೆ ಇದ್ದಂತೆಯೇ ಇರುವುದು ಪ್ರಕೃತಿಭಾವ.

ವೃತ್ತಿ: ಗಿಟಾರ್‌ನ ಮೈಕೆಲ್ ವೈಕಾಥ್, ಬಾಸ್‌ನ ಮಾರ್ಕುಸ್ ಗ್ರಾಸ್‌ಕೋಫ್. 1984ರಿಂದ ಇಂದಿನವರೆಗೆ ಎಲ್ಲ ಆಲ್ಬಂಗಳಲ್ಲೂ ಇರುವವರು ಇವರಿಬ್ಬರೇ. ಅಧ್ಯಾಯ ಇಷ್ಟಕ್ಕೇ ಮುಗಿಯುವುದು ಅವರ ಹಿರಿಮೆ.

ಸಂಧಿ ಪ್ರಕರಣ

ಸೂತ್ರ: ಎರಡು ಸ್ವರಗಳು ಎದುರಾಗಿ, ಯಾವುದನ್ನು ಬಿಟ್ಟರೂ ಅರ್ಥ ಕೆಡುವಂತಿದ್ದರೆ, ನಡುವೆ ಹೊಸದೊಂದು ಬರುವುದು ಆಗಮ.

ವೃತ್ತಿ: ‘ಮನೆ’ಗೂ ‘ಅಲ್ಲಿ’ಗೂ ನಡುವೆ ಯಕಾರ ಬಂದು ‘ಮನೆಯಲ್ಲಿ’ ಆದಂತೆ. ಮೊದಲ ಆಲ್ಬಂನಲ್ಲಿ ಹಾಡುತ್ತಿದ್ದವನೂ ಗಿಟಾರ್ ನುಡಿಸುತ್ತಿದ್ದವನೂ ಕೈ ಹ್ಯಾನ್ಸನ್ ಒಬ್ಬನೇ. ‘ರೈಡ್ ದ ಸ್ಕೈ’ಯಂಥ ಹಾಡನ್ನು ಆ ವೇಗದಲ್ಲಿ ನುಡಿಸುತ್ತ, ಅದೇ ಹೊತ್ತಿಗೆ ಕೂಗುತ್ತ ನಿಲ್ಲುವುದು ವೇದಿಕೆಯ ಮೇಲೆ ಕಷ್ಟವಾಯಿತು. ಗಿಟಾರ್ ಬಿಟ್ಟರೆ ತಂಡಕ್ಕೆ ನಷ್ಟ, ಹಾಡಿದರೆ ಗಂಟಲಿಗೆ ನಷ್ಟ. ಆಗ ಬಂದ ಯಕಾರ, ಹ್ಯಾಂಬರ್ಗಿನದೇ ಹುಡುಗ ಮೈಕೆಲ್ ಕಿಸ್ಕೆ. ವಯಸ್ಸು 18. ದನಿ ಮಾತ್ರ ಒಪೆರಾ ಮಂದಿರದ ಮಾಡು ತಾಗುವಂಥದ್ದು.

ಈ ಆಗಮದ ಫಲವೇ 1987 ಮತ್ತು 1988ರಲ್ಲಿ ಬಂದ ‘ಕೀಪರ್ ಆಫ್ ದಿ ಸೆವೆನ್ ಕೀಸ್’ನ ಎರಡು ಭಾಗಗಳು. ಒಟ್ಟಿಗೆ ಜೋಡಿ ಆಲ್ಬಂ ಆಗಿ ತರಬೇಕೆಂಬುದು ತಂಡದ ಆಸೆ. ಬಿಡಿಬಿಡಿಯಾಗಿ ತರುವುದು ಕಂಪನಿಯ ಹಟ. ಪವರ್ ಮೆಟಲ್‌ನ ಸೂತ್ರಗಳೆಲ್ಲ ಈ ಎರಡು ತಟ್ಟೆಗಳಲ್ಲಿವೆ. ಉಳಿದದ್ದೆಲ್ಲ ಭಾಷ್ಯ.

ಸೂತ್ರ: ಇದ್ದದ್ದರ ಜಾಗದಲ್ಲಿ ಮತ್ತೊಂದು ಬರುವುದು ಆದೇಶ.

ವೃತ್ತಿ: ಎರಡನೆಯ ‘ಕೀಪರ್’ ಬಂದ ಮೇಲೆ ಹ್ಯಾನ್ಸನ್ ಹೆಚ್ಚು ದಿನ ನಿಲ್ಲಲಿಲ್ಲ. ಹೊರಗೆ ಹೋಗಿ ಗಾಮಾ ರೇ ಎಂಬ ತಂಡ ಕಟ್ಟಿದ. ಅವನ ಜಾಗಕ್ಕೆ ರೋಲಂಡ್ ಗ್ರಾಪೋ ಬಂದ. ಇಲ್ಲಿ ಶಾಸ್ತ್ರಕಾರನ ಮೈ ಜುಮ್ಮೆನ್ನುತ್ತದೆ: ಕೈ ಹೋಗಿ ಗ್ರಾಪೋ, ಅಂದರೆ ಕಕಾರಕ್ಕೆ ಗಕಾರ! ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಷ್ಟೇ ಸರಳ. ಮುಂದೆ ಗ್ರಾಪೋ ಹೋದಾಗ ಬಂದವನು ಸಾಷಾ ಗೆರ್ಸ್ಟ್‌ನರ್, ಗಕಾರಕ್ಕೆ ಗಕಾರವೇ. ಗಿಟಾರ್ ವಿಭಾಗದಲ್ಲಿ ವ್ಯಾಕರಣ ಕೆಟ್ಟದ್ದಿಲ್ಲ.

ಕೆಟ್ಟದ್ದು ಗಾಯನದಲ್ಲಿ. 1993ರಲ್ಲಿ ಕಿಸ್ಕೆಯನ್ನು ಕಳಿಸಿ, ಪಿಂಕ್ ಕ್ರೀಮ್ 69 ತಂಡದ ಆಂಡಿ ಡೆರಿಸ್‌ನನ್ನು ಕರೆತಂದರು. ಕಕಾರಕ್ಕೆ ಡಕಾರ ಆದೇಶವಾಗುವ ಸೂತ್ರ ಯಾವ ವೈಯಾಕರಣನೂ ಬರೆದಿಲ್ಲ. ಒಂದು ಪಂಗಡದ ಅಭಿಮಾನಿಗಳು ವರ್ಷಗಟ್ಟಲೆ ಒಪ್ಪದೇ ಇದ್ದದ್ದಕ್ಕೆ ಇದಕ್ಕಿಂತ ಶಾಸ್ತ್ರೀಯ ಕಾರಣ ಬೇಕಿಲ್ಲ. ಕಿಸ್ಕೆಯ ದನಿ ನಯ, ಎತ್ತರ; ಡೆರಿಸ್‌ನದು ಗೊರಗೊರ, ರಸ್ತೆಯ ಧೂಳು ಮೆತ್ತಿದ್ದು. ಆದರೂ 1994ರ ‘ಮಾಸ್ಟರ್ ಆಫ್ ದ ರಿಂಗ್ಸ್’ ಮುಳುಗುತ್ತಿದ್ದ ತಂಡವನ್ನು ದಡ ಹತ್ತಿಸಿತು. ಹಾಡು ಬರೆಯುವುದರಲ್ಲಿ ಡೆರಿಸ್ ಗಟ್ಟಿಗ. ವ್ಯಾಕರಣ ತಪ್ಪಿದರೂ ಅರ್ಥ ಹುಟ್ಟಿತು.

ಸೂತ್ರ: ಕೂಡಬಾರದವು ಕೂಡಿದರೆ ಅರಿಸಮಾಸ.

ವೃತ್ತಿ: ಇದು ಸಂಧಿಯಲ್ಲದಿದ್ದರೂ ತಂಡ ಮುಳುಗುತ್ತಿದ್ದದ್ದೇಕೆ ಎಂಬುದನ್ನು ತಿಳಿಸಲು ಇಲ್ಲಿ ಬಂದಿದೆ. ನಾಯ್ಸ್ ಎಂಬ ಹಳೆಯ ಕಂಪನಿಯನ್ನು ಬಿಟ್ಟು ಇಎಂಐ ಸೇರುವ ಹೊತ್ತಿಗೆ ತಂಡ ಕೋರ್ಟು ಮೆಟ್ಟಿಲು ಹತ್ತಿಳಿದು ಸುಸ್ತಾಗಿತ್ತು. 1991ರಲ್ಲಿ ‘ಪಿಂಕ್ ಬಬಲ್ಸ್ ಗೋ ಏಪ್’ ಬಂತು. ಮುಖಪುಟ ಪಿಂಕ್ ಫ್ಲಾಯ್ಡ್ ಆಲ್ಬಂಗಳಿಂದ ಹೆಸರಾದ ಸ್ಟಾರ್ಮ್ ಥಾರ್ಗರ್ಸನ್‌ನದು, ಹೆಸರು ಯಾರ ಕನಸಿನದೋ. 1993ರ ‘ಕಮೀಲಿಯನ್’ನಲ್ಲಿ ಒಟ್ಟು 12 ಹಾಡು: ಕಿಸ್ಕೆಯವು ನಾಲ್ಕು, ವೈಕಾಥ್‌ನವು ನಾಲ್ಕು, ಗ್ರಾಪೋನವು ನಾಲ್ಕು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯಲ್ಲಿ ನಡುಗೋಡೆ ಏಳುವಂತೆ ಒಂದೊಂದು ಹಾಡು ಒಂದೊಂದು ದಿಕ್ಕಿಗೆ. ಸ್ಯಾಕ್ಸೊಫೋನೂ ಬಂತು. ಬಿಡಿಯಾಗಿ ಕೇಳಿದರೆ ಚೆಂದದ ಹಾಡುಗಳು ಕೆಲವಿವೆ. ತಂಡದ ಹೆಸರಿನಡಿ ಕೂಡಿಸಿದಾಗಲೇ ದೋಷ.

ಸೂತ್ರ: ಇದ್ದದ್ದು ಇಲ್ಲವಾಗುವುದು ಲೋಪ.

ವೃತ್ತಿ: ತಂಡದ ಮೊದಲ ಡ್ರಮ್ ವಾದಕ ಇಂಗೋ ಶ್ವಿಕ್ಟನ್‌ಬರ್ಗ್. ಮೊದಲ ಲಕ್ಷಣವನ್ನು ಎರಡು ಕಾಲುಗಳಲ್ಲಿ ಬರೆದವನು ಅವನೇ. ಸ್ಕಿಜೋಫ್ರೇನಿಯಾ ಅವನನ್ನು ಹಿಡಿದಿತ್ತು. 1993ರಲ್ಲಿ ತಂಡದಿಂದ ಹೊರಗಾದ. 1995ರ ಮಾರ್ಚ್‌ನಲ್ಲಿ, 30 ತುಂಬುವ ಮೊದಲೇ, ತಾನಾಗಿ ಪ್ರಾಣ ಕಳೆದುಕೊಂಡ. ಮರುವರ್ಷದ ‘ದ ಟೈಮ್ ಆಫ್ ದಿ ಓತ್’ ಅವನಿಗೆ ಅರ್ಪಣೆ. ಅವನ ಜಾಗಕ್ಕೆ ಉಲಿ ಕುಶ್, ಆಮೇಲೆ ಬೇರೆಯವರು, 2005ರಿಂದ ಡಾನಿ ಲೋಬ್ಲೆ ಬಂದರೂ ಇದನ್ನು ಆದೇಶವೆಂದು ಕರೆಯಲು ಈ ಗ್ರಂಥಕಾರ ಒಪ್ಪುವುದಿಲ್ಲ.

ತದ್ಧಿತ ಪ್ರಕರಣ

ಸೂತ್ರ: ಮೂಲಕ್ಕೆ ಪ್ರತ್ಯಯ ಹತ್ತಿಸಿ ಹುಟ್ಟಿದ್ದು ತದ್ಧಿತ.

ವೃತ್ತಿ: ಬಳೆಯಿಂದ ಬಳೆಗಾರ, ‘ಕೀಪರ್’ನಿಂದ ಅರ್ಧ ಯೂರೋಪು. ಕುಂಬಳಕಾಯಿ ಕಳ್ಳ ಯಾರೆಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂಬ ಗಾದೆ ಇಲ್ಲಿ ಪ್ರಮಾಣಗ್ರಂಥವೇ. ಪವರ್ ಮೆಟಲ್ ತಂಡಗಳನ್ನು ಸಾಲಾಗಿ ನಿಲ್ಲಿಸಿ ಈ ಪ್ರಶ್ನೆ ಕೇಳಿದರೆ ಹೆಗಲು ಮುಟ್ಟುವ ರೀತಿಯಿಂದಲೇ ವರ್ಗೀಕರಣ ಸಾಧ್ಯ.

ಒಂದು, ರಾಜಾರೋಷವಾಗಿ ಮುಟ್ಟಿಕೊಳ್ಳುವವರು. ಗಾಮಾ ರೇ, ಅಲ್ಲಿರುವುದು ಕುಂಬಳ ಬೆಳೆದವನೇ ಆದ್ದರಿಂದ ಕಳ್ಳತನದ ಮಾತಿಲ್ಲ. ಎರಡು, ಬೆಳೆದವನ ಕೈಯಿಂದಲೇ ಪಡೆದವರು. ಕ್ರೆಫೆಲ್ಡ್‌ನ ಬ್ಲೈಂಡ್ ಗಾರ್ಡಿಯನ್‌ನ 1989ರ ಆಲ್ಬಂನಲ್ಲಿ ಹ್ಯಾನ್ಸನ್ ಅತಿಥಿಯಾಗಿ ಬಂದ; ಬ್ರೆಜಿಲ್‌ನ ಆಂಗ್ರಾ ತನ್ನ ಮೊದಲ ಆಲ್ಬಂ ‘ಏಂಜಲ್ಸ್ ಕ್ರೈ’ ಧ್ವನಿಮುದ್ರಿಸಲು ಸಮುದ್ರ ದಾಟಿ ಅವನ ಸ್ಟುಡಿಯೋಗೇ ಬಂತು. ಮೂರು, ಹೆಗಲ ಮೇಲೆ ಕವಚ ತೊಟ್ಟು ಮುಟ್ಟಿದ್ದು ಕಾಣದಂತೆ ಮಾಡುವವರು. 1997ರಲ್ಲಿ ಮೊದಲ ಆಲ್ಬಂ ತಂದ ಸ್ವೀಡನ್ನಿನ ಹ್ಯಾಮರ್‌ಫಾಲ್, ಇಟಲಿಯ ರ್‍ಯಾಪ್ಸೊಡಿ ಈ ಬಗೆಯವು. ರ್‍ಯಾಪ್ಸೊಡಿಯಂತೂ ಕವಚದ ಮೇಲೊಂದು ವಾದ್ಯವೃಂದವನ್ನೇ ಹೊದ್ದುಕೊಂಡಿತು. ನಾಲ್ಕು, ಕುಂಬಳಕಾಯಿಯನ್ನು ಹೊತ್ತು ಬೆಳೆದವನಿಗಿಂತ ಜೋರಾಗಿ ಓಡಿದವರು: ಲಂಡನ್ನಿನ ಡ್ರ್ಯಾಗನ್‌ಫೋರ್ಸ್. ಹೆಗಲು ಮುಟ್ಟಲೂ ಅವರಿಗೆ ಪುರಸತ್ತಿಲ್ಲ.

ಈ ನಾಲ್ಕು ಬಗೆಯವರೂ ಐದು ಲಕ್ಷಣಗಳನ್ನು ಧಾರಾಳವಾಗಿ ಕೊಂಡೊಯ್ದರು. ಆರನೆಯದನ್ನು ಹೊತ್ತವರು ಕಡಿಮೆ. ಕತ್ತಿ, ಡ್ರ್ಯಾಗನ್, ಕೋಟೆ ಎಲ್ಲ ಉಂಟು. ಆದರೆ ಬಹುಪಾಲು ನಾಯಕರು ಗಂಭೀರವದನರು.

ಸಮಾಸ ಪ್ರಕರಣ

ಸೂತ್ರ: ಸೇರಿದ ಪದಗಳೆಲ್ಲ ಪ್ರಧಾನವಾದರೆ ದ್ವಂದ್ವ.

ವೃತ್ತಿ: ಹಳೆಯ ಗಾಯಕ ಮರಳಿದರೆ ಹೊಸಬ ಹೊರಡಬೇಕೆಂಬುದು ರಾಕ್ ಲೋಕದ ರೂಢಿ. 2017ರಲ್ಲಿ ‘ಪಂಪ್‌ಕಿನ್ಸ್ ಯುನೈಟೆಡ್’ ಎಂಬ ಪ್ರವಾಸಕ್ಕೆ ಕಿಸ್ಕೆಯೂ ಹ್ಯಾನ್ಸನ್ನೂ ಮರಳಿದರು, ಯಾರೂ ಹೊರಡಲಿಲ್ಲ. ಮೂವರು ಗಾಯಕರು, ಮೂವರು ಗಿಟಾರಿಗರು, ಬಾಸ್‌ಗೂ ಡ್ರಮ್ಮಿಗೂ ಒಬ್ಬೊಬ್ಬರು, ಹ್ಯಾನ್ಸನ್ ಎರಡು ಲೆಕ್ಕಕ್ಕೂ ಸೇರುವುದರಿಂದ ಒಟ್ಟು ಏಳು ಮಂದಿ. ಗಿರಿಯೂ ವನವೂ ದುರ್ಗವೂ ಗಿರಿವನದುರ್ಗವಾದಂತೆ. ಕಿಸ್ಕೆಯೂ ಡೆರಿಸ್‌ನೂ ಒಂದೇ ಹಾಡನ್ನು ಹಂಚಿಕೊಂಡು ಹಾಡಿದಾಗ, 24 ವರ್ಷಗಳಿಂದ ನಡೆದಿದ್ದ ‘ಇವನೋ ಅವನೋ’ ವ್ಯಾಜ್ಯ ವಾದಿ ಪ್ರತಿವಾದಿಗಳ ಕಣ್ಣೆದುರೇ ರಾಜಿಯಾಯಿತು. ಅದೇ ಪ್ರವಾಸದಲ್ಲಿ ಪರದೆಯ ಮೇಲಿನ ಇಂಗೋನ ಹಳೆಯ ದೃಶ್ಯಕ್ಕೆ ಲೋಬ್ಲೆ ವೇದಿಕೆಯಿಂದ ಡ್ರಮ್ಮಿನಲ್ಲೇ ಉತ್ತರ ಕೊಡುತ್ತಿದ್ದ. ಮುಂದೆ ತಂಡದ ಹೆಸರನ್ನೇ ಹೊತ್ತ 2021ರ ಆಲ್ಬಂಗೆ ಲೋಬ್ಲೆ ನುಡಿಸಿದ್ದೂ ಇಂಗೋನ ಡ್ರಮ್ ಸೆಟ್ಟಿನ ಮೇಲೆಯೇ. ಆ ಆಲ್ಬಂ ಜರ್ಮನಿಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ಏಳು ಮಂದಿ 2025ರಲ್ಲಿ ‘ಜೈಂಟ್ಸ್ ಅಂಡ್ ಮಾನ್‌ಸ್ಟರ್ಸ್’ ತಂದರು.

ಸಿದ್ಧಾಂತ

ಪೂರ್ವಪಕ್ಷ: ಇಷ್ಟೊಂದು ಲೋಪ, ಆಗಮ, ಆದೇಶಗಳಾದ ಮೇಲೂ ಇದು ಅದೇ ತಂಡವೆಂದು ಹೇಳುವುದು ಹೇಗೆ? ವೈಕಾಥ್, ಗ್ರಾಸ್‌ಕೋಫ್ ಇಬ್ಬರಿದ್ದರೆ ಸಾಕೇ?

ಉತ್ತರ: ಲೋಪಸಂಧಿಯ ಸೂತ್ರದ ಕೊನೆಯಲ್ಲಿ ಮೇಷ್ಟ್ರು ಬೆತ್ತ ಕುಟ್ಟಿ ಹೇಳಿಸುತ್ತಿದ್ದ ಒಂದು ಷರತ್ತುಂಟು: ಅರ್ಥ ಕೆಡದಿದ್ದರೆ ಮಾತ್ರ ಲೋಪ. ಹ್ಯಾನ್ಸನ್ ಹೋದ, ಅರ್ಥ ಉಳಿಯಿತು. ಕಿಸ್ಕೆ ಹೋದ, ಕೆಲಕಾಲ ತಡವರಿಸಿ ಅರ್ಥ ಉಳಿಯಿತು. 2000ದಲ್ಲಿ ಮಾತ್ರ ಇನ್ನೊಂದು ಬಗೆಯ ಲೋಪದ ಪ್ರಯೋಗ ನಡೆಯಿತು. ‘ದ ಡಾರ್ಕ್ ರೈಡ್’ ಆಲ್ಬಂನಲ್ಲಿ ಜನರೆಲ್ಲ ಇದ್ದರು; ಗಿಟಾರ್‌ಗಳ ಶ್ರುತಿ ಇಳಿಯಿತು, ಹಾಡುಗಳ ಮುಖ ಕಪ್ಪಿಟ್ಟಿತು, ಬಿಟ್ಟುಹೋದದ್ದು ಬಹುಪಾಲು ನಗುವೊಂದೇ. ಹಾಡುಗಳೇನೂ ಕಳಪೆಯಲ್ಲ. ಆದರೆ ವೈಕಾಥ್‌ಗೆ ಆ ಕತ್ತಲು ಒಗ್ಗಲಿಲ್ಲ. ಮರುವರ್ಷ ಗ್ರಾಪೋ, ಕುಶ್ ಇಬ್ಬರೂ ತಂಡದ ಹೊರಗಿದ್ದು ಮಾಸ್ಟರ್‌ಪ್ಲಾನ್ ಎಂಬ ತಂಡ ಕಟ್ಟುತ್ತಿದ್ದರು. 2003ರಲ್ಲಿ ಬಂದ ಮುಂದಿನ ಆಲ್ಬಂನ ಹೆಸರು ‘ರ್‍ಯಾಬಿಟ್ ಡೋಂಟ್ ಕಮ್ ಈಸಿ’. ಮೊಲ ಸುಲಭಕ್ಕೆ ಹೊರಬರಲಿಲ್ಲ, ಡ್ರಮ್ಮಿಗೆ ಮೋಟರ್‌ಹೆಡ್‌ನ ಮಿಕ್ಕಿ ಡೀಯನ್ನು ಕರೆಯಬೇಕಾಯಿತು. ಆದರೆ ಬಂದದ್ದು ಮೊಲವೇ.

ಹಾಗಾಗಿ ನಿರ್ಣಯ: ಈ ತಂಡದಲ್ಲಿ ಗಾಯಕರು, ವಾದಕರು ಪ್ರತ್ಯಯಗಳು, ಪ್ರಕೃತಿ ಆ ಹಲ್ಲುಕಿರಿಯುವ ಕಾಯಿ. ಸಿಂಹಾಸನದ ಮೇಲೆ ಕುಂಬಳಕಾಯಿ ಕೂತಿದ್ದರಿಂದಲೇ ಅದರ ಪಕ್ಕ ಮೂವರು ಗಾಯಕರು ಜಗಳವಿಲ್ಲದೆ ನಿಲ್ಲಲು ಜಾಗವಾಯಿತು. ಗಂಭೀರವದನದ ನಾಯಕನೊಬ್ಬ ಅಲ್ಲಿ ಕೂತಿದ್ದರೆ ದ್ವಂದ್ವ ಸಮಾಸ ದ್ವಂದ್ವಯುದ್ಧವಾಗುತ್ತಿತ್ತು. ನಾಳೆ ಎಂಟನೆಯವನು ಬಂದು ಸೇರಿದರೂ ಈ ಗ್ರಂಥದ ಒಂದು ಸೂತ್ರವನ್ನೂ ತಿದ್ದಬೇಕಿಲ್ಲ.