ಬಿಸಿಲುಗುದುರೆ ಹಿಡಿಯುವ ಯಂತ್ರ: ಬಳಕೆದಾರರ ಕೈಪಿಡಿ

ಯಂತ್ರ ಚಾಲೂ ಮಾಡುವ ಮೊದಲು ಈ ಕೈಪಿಡಿಯನ್ನು ಕೊನೆತನಕ ಓದಿಕೊಳ್ಳಿ. ಯಾರೂ ಓದುವುದಿಲ್ಲವೆಂದು ನಮಗೂ ಗೊತ್ತು. ವಿಡಿಯೋ ಕಲೆಯನ್ನು ಕೊನೆತನಕ ನೋಡುವವರೂ ಅಷ್ಟೇ ಮಂದಿ.

ಪೆಟ್ಟಿಗೆಯಲ್ಲಿ ಇರಬೇಕಾದವು: ಕ್ಯಾಮೆರಾ, ಟ್ರೈಪಾಡ್, ಉದ್ದನೆಯ ಟೆಲಿಫೋಟೋ ಲೆನ್ಸ್, ಹಳೇ ಕಾಲದ ಒಂದು ಪದ್ಯ. ಡ್ರೋನ್ ಇದ್ದರೆ ಮದುವೆ ಶೂಟಿಂಗಿನವರಿಗೆ ಕೊಟ್ಟುಬಿಡಿ. ಕೊಳಲಿನ ಹಿನ್ನೆಲೆ ಸಂಗೀತ ಉಚಿತವಾಗಿ ಬಂದಿದ್ದರೆ ವಾಪಸು ಕಳಿಸಿ.

ಹಂತ 1. ನೋಡಲು ಏನೂ ಇಲ್ಲದ ಜಾಗಕ್ಕೆ ಹೋಗಿ. ಅಮೆರಿಕದ ವಿಡಿಯೋ ಕಲಾವಿದ ಬಿಲ್ ವಯೋಲಾ 1979ರಲ್ಲಿ ಟುನೀಶಿಯಾದ ಷಾಟ್ ಎಲ್ ಜರೀದ್ ಎಂಬ ಉಪ್ಪಿನ ಬಯಲಿಗೆ ಹೋಗಿ ವಿಡಿಯೋ ತೆಗೆದ. ಕಾದ ನೆಲಕ್ಕೆ ತಾಗಿದ ಗಾಳಿ ತೆಳುವಾಗಿ, ಅದರೊಳಗೆ ಹಾಯುವ ಬೆಳಕು ಬಾಗುತ್ತದೆ. ದೂರದ ಮರ ನೆಲ ಬಿಟ್ಟು ತೇಲುತ್ತದೆ, ಕಟ್ಟಡದ ಅಂಚು ನಡುಗುತ್ತದೆ, ಗುಡ್ಡ ಕರಗಿ ಬರೀ ಬಣ್ಣವಾಗುತ್ತದೆ. ಬಿಸಿಲುಗುದುರೆಯನ್ನು ವೇದಾಂತಿಗಳು ಏನಾದರೂ ಅನ್ನಲಿ, ಲೆನ್ಸಿಗಂತೂ ಅದು ಕಾಣುತ್ತದೆ. ಅದೇ ಕೃತಿಯಲ್ಲಿ ಇಲಿನಾಯ್ ಮತ್ತು ಕೆನಡಾದ ಸಸ್ಕ್ಯಾಚುವನ್‌ನ ಹಿಮದ ಬಯಲುಗಳೂ ಇವೆ. ಉರಿಯೂ ಚಳಿಯೂ ಕಣ್ಣಿಗೆ ಮಾಡುವ ಮೋಸ ಹೆಚ್ಚುಕಡಿಮೆ ಒಂದೇ.

ಹಂತ 2. ಈಗ ಪದ್ಯವನ್ನು ಹೊರತೆಗೆಯಿರಿ. ಎಚ್ಚರಿಕೆ: ಸಾಲಿನಲ್ಲಿ ಬೆಟ್ಟ ಬಂದಾಗ ಪರದೆಯಲ್ಲೂ ಬೆಟ್ಟ ತೋರಿಸಿದರೆ ಯಂತ್ರ ಕೆಡುತ್ತದೆ. ಟಿವಿಯ ಭಾವಗೀತೆ ಕಾರ್ಯಕ್ರಮಗಳು ಆ ಕೆಲಸವನ್ನು ಆಗಲೇ ಮಾಡಿ ಮುಗಿಸಿವೆ. ಮಾತನ್ನೂ ನೆಲವನ್ನೂ ಜಗಳಕ್ಕೆ ಬಿಡಿ.

ಮಾದರಿ ಬೇಕೆಂದರೆ 1983ರ ವಯೋಲಾ ಕೃತಿ ನೋಡಿ. ಸ್ಪೇನಿನ ಸಂತಕವಿ ಜಾನ್ ಆಫ್ ದ ಕ್ರಾಸ್‌ನನ್ನು 1577ರಲ್ಲಿ ಅವನ ಪಂಥದವರೇ ಟೊಲೆಡೊದಲ್ಲಿ ಕೂಡಿಹಾಕಿದರು. ಇಕ್ಕಟ್ಟಾದ ಒಂದು ಗೂಡಿನಲ್ಲಿ ಸುಮಾರು 9 ತಿಂಗಳಿದ್ದು ಅವನು ಪದ್ಯ ಕಟ್ಟಿದ. ವಯೋಲಾ ಗ್ಯಾಲರಿಯ ಕತ್ತಲಲ್ಲಿ ಅಂಥದೇ ಒಂದು ಗೂಡು ಕಟ್ಟಿಸಿದ. ಒಳಗೊಂದು ಪುಟ್ಟ ಮೇಜು, ನೀರಿನ ಹೂಜಿ, ಲೋಟ, ಅಂಗೈಯಗಲದ ಟಿವಿ. ಅದರಲ್ಲಿ ಅಲುಗದೆ ಕೂತ ಹಿಮದ ಬೆಟ್ಟ. ಮೆಲ್ಲಗೆ ಸ್ಪ್ಯಾನಿಷಿನಲ್ಲಿ ಪದ್ಯ ಓದುವ ದನಿ. ಹೊರಗಿನ ದೊಡ್ಡ ಪರದೆಯಲ್ಲಾದರೋ ಕಪ್ಪು ಬಿಳುಪಿನ ಪರ್ವತಗಳು ಹುಚ್ಚೆದ್ದಂತೆ ಅಲ್ಲಾಡುತ್ತವೆ, ಗಾಳಿ ಬೊಬ್ಬೆ ಹೊಡೆಯುತ್ತದೆ. ಪದ್ಯ ಕೇಳಬೇಕೆಂದರೆ ನೀವು ಬಗ್ಗಿ, ಆ ಗೂಡಿನ ಕಿಟಕಿಗೆ ಮುಖ ಒಡ್ಡಬೇಕು. ಸಾಹಿತ್ಯ ಓದಿಸಲು ಇಷ್ಟು ಕಷ್ಟ ಕೊಟ್ಟವರು ನಮ್ಮ ಪಠ್ಯಪುಸ್ತಕ ಸಮಿತಿಗಳಲ್ಲೂ ಇಲ್ಲ!

ಹಂತ 3. ಹೆಸರಿಡಿ. ಇದಕ್ಕೆ ದೂರದ ಊರಿನ ಕವಿಯೇ ಬೇಕು. ವಯೋಲಾನ 1986ರ 89 ನಿಮಿಷದ ‘ಐ ಡು ನಾಟ್ ನೋ ವಾಟ್ ಇಟ್ ಈಸ್ ಐ ಆಮ್ ಲೈಕ್’ (ನಾನು ಯಾವುದರಂತಿದ್ದೇನೋ ನನಗೆ ತಿಳಿಯದು) ಕೃತಿಯ ಹೆಸರು ಬಂದದ್ದು ಋಗ್ವೇದದ ಒಂದನೇ ಮಂಡಲದ 164ನೇ ಸೂಕ್ತದಿಂದ. ಅದರ ಋಷಿ ದೀರ್ಘತಮಸ್. ಪುರಾಣದ ಕಥೆಯಲ್ಲಿ ಹುಟ್ಟುಕುರುಡ. ಅವನ ಮಾತನ್ನು ಹೊತ್ತ ವಿಡಿಯೋದ ತುಂಬ ಬರೀ ಕಣ್ಣುಗಳು. ದಕ್ಷಿಣ ಡಕೋಟಾದ ಹುಲ್ಲುಗಾವಲಲ್ಲಿ ಕಾಡುಕೋಣಗಳಂಥ ಬೈಸನ್‌ಗಳು ಮೇಯುತ್ತವೆ, ಸುಮ್ಮನೆ ನಿಲ್ಲುತ್ತವೆ, ನಮ್ಮತ್ತ ನೋಡುತ್ತವೆ. ಕ್ಯಾಮೆರಾ ಗೂಬೆಯ ಕಣ್ಣಿನ ಹತ್ತಿರ ಹತ್ತಿರ ಸರಿಯುತ್ತ ಹೋದಂತೆ, ಅದರ ಪಾಪೆಯೊಳಗೆ ಚಿತ್ರ ತೆಗೆಯುತ್ತಿರುವ ವಯೋಲಾನೇ ಕಾಣಿಸುತ್ತಾನೆ. ಕೊನೆಕೊನೆಗೆ ಫಿಜಿ ದ್ವೀಪದ ದೇವಸ್ಥಾನವೊಂದರಲ್ಲಿ ಭಕ್ತರು ಕೆಂಡ ಹಾಯುತ್ತಾರೆ. ಕಬ್ಬಿನ ಗದ್ದೆಯ ಕೂಲಿಗೆ ದಕ್ಷಿಣ ಭಾರತದಿಂದ ಹೋದವರ ಪೀಳಿಗೆ ಅದು. ನಮ್ಮೂರ ಜಾತ್ರೆಗಳಲ್ಲಿ ಕೊಂಡ ನೋಡಿದವರಿಗೆ ಯಾವ ವಿವರಣೆಯೂ ಬೇಡ. ವೇದಾಂತ ಗೊತ್ತಿರುವ ದೇಶದಲ್ಲೇ ಈ ಕೃತಿ ಹುಟ್ಟಲಿಲ್ಲವೆಂದು ಕೊರಗಬೇಡಿ. ಹುಟ್ಟಿದ್ದರೆ ನಾವು ಅದಕ್ಕೆ ಹಿನ್ನೆಲೆಯಲ್ಲಿ ಶ್ಲೋಕ ಹಾಕಿ ಕೆಡಿಸುತ್ತಿದ್ದೆವು.

ಹಂತ 4. ಸಂಕಲನ. ಆದಷ್ಟೂ ಕತ್ತರಿ ಮುಟ್ಟಬೇಡಿ.

ತೊಂದರೆ ನಿವಾರಣೆ: ‘ಇದರಲ್ಲಿ ಕಥೆ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ಯಂತ್ರ ಸರಿಯಾಗಿಯೇ ಓಡುತ್ತಿದೆ. ‘ಎಷ್ಟು ಚೆನ್ನಾಗಿದೆ, ಯಾವ ರೆಸಾರ್ಟ್?’ ಎಂದು ಕೇಳಿದರೆ ಕೂಡಲೇ ಪ್ಲಗ್ ಕಿತ್ತು ಹಂತ 1ಕ್ಕೆ ಮರಳಿ.

ವಾರಂಟಿ ಇಲ್ಲ. ಬಿಡಿಭಾಗ ಕೊಡುತ್ತಿದ್ದ ವಯೋಲಾ 2024ರ ಜುಲೈನಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡ. ಉಪ್ಪಿನ ಬಯಲಿನ ವಿಡಿಯೋ 28 ನಿಮಿಷದ್ದು. ದೊಡ್ಡ ಪರದೆಯಲ್ಲಿ ಹಾಕುವ ಕಡೆ ಸಿಕ್ಕರೆ ಹೋಗಿ ನೋಡಿ. ಫೋನು ಆಫ್ ಮಾಡಿ, ದಯವಿಟ್ಟು ನಡುವೆ ಎದ್ದು ಹೋಗಬೇಡಿ.