ತನ್ನ ಪಾಡಿಗೆ ತಾನು

ಊಟ ಮುಗಿಸಿ ಎದ್ದಿರಿ. ಉಂಡದ್ದನ್ನು ಅರಗಿಸಪ್ಪ ಅಂತ ಹೊಟ್ಟೆಗೆ ಹೇಳಿದಿರಾ? ನಿಮಿಷಕ್ಕೆ 72 ಸಲ ತಪ್ಪದೆ ಬಡಿ ಅಂತ ಹೃದಯಕ್ಕೆ ಆರ್ಡರ್ ಹಾಕಿದಿರಾ? ಹೇಳಿದರಷ್ಟೇ ನಡೆಯುವ ಏರ್ಪಾಡಾಗಿದ್ದರೆ ನಮ್ಮಲ್ಲಿ ಎಷ್ಟು ಜನ ಮಧ್ಯಾಹ್ನದ ನಿದ್ದೆಯಿಂದ ವಾಪಸ್ ಬರುತ್ತಿದ್ದರೋ ಆ ಭಗವಂತನೇ ಬಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬಸ್‌ಸ್ಟಾಪಿನಿಂದ ಮನೆಗೆ ಓಡಿ ಬರುವ ಜಾತಿ ನಮ್ಮದು. ಈ ಖಾತೆಯನ್ನೆಲ್ಲ ನಮ್ಮ ಕೈಗೆ ಕೊಡದೆ ನರಗಳಿಗೆ ವಹಿಸಿದವನು ನಮ್ಮನ್ನು ಚೆನ್ನಾಗಿಯೇ ಅರಿತಿದ್ದ.

ಇದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟವರು ಐಬಿಎಂನವರು. 2001ರಲ್ಲಿ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥ ಪಾಲ್ ಹಾರ್ನ್ ಒಂದು ದೊಡ್ಡ ಅಹವಾಲು ಮಂಡಿಸಿದರು. ಕಂಪ್ಯೂಟರ್ ವ್ಯವಸ್ಥೆಗಳು ಇನ್ನು ಮನುಷ್ಯನ ಅಂಕೆಗೆ ಸಿಗುವುದಿಲ್ಲ, ನೋಡಿಕೊಳ್ಳುವ ಜನ ಎಷ್ಟಿದ್ದರೂ ಸಾಲದು, ಆದ್ದರಿಂದ ನಮ್ಮ ನರಮಂಡಲ ಹೇಗೆ ಕೇಳದೇ ಹೇಳದೇ ಮೈಯ ಶಾಖ, ರಕ್ತದ ಸಕ್ಕರೆ, ಕಣ್ಣಿನ ಪಾಪೆ ಎಲ್ಲವನ್ನೂ ಸಂಭಾಳಿಸುತ್ತದೋ ಹಾಗೆ ಯಂತ್ರಗಳೂ ತಮ್ಮನ್ನು ತಾವೇ ನೋಡಿಕೊಳ್ಳಲಿ ಅಂತ. ಅಟಾನಮಿಕ್ ಕಂಪ್ಯೂಟಿಂಗ್ ಅಂತ ನಾಮಕರಣವೂ ಆಯಿತು. ಅದೇ ಸಂಸ್ಥೆಯ ಕೆಫಾರ್ಟ್ ಮತ್ತು ಚೆಸ್ 2003ರಲ್ಲಿ ಲೇಖನ ಬರೆದು ನಾಲ್ಕು ಗುಣ ಹೇಳಿದರು: ಯಂತ್ರ ತಾನೇ ಹೊಂದಿಸಿಕೊಳ್ಳಬೇಕು, ತಾನೇ ಚುರುಕಾಗಬೇಕು, ಕೆಟ್ಟರೆ ತಾನೇ ವಾಸಿಯಾಗಬೇಕು, ಯಾರಾದರೂ ಮೇಲೆ ಬಿದ್ದರೆ ತಾನೇ ಕಾಪಾಡಿಕೊಳ್ಳಬೇಕು. ವರನ ಜಾತಕದಲ್ಲೂ ಇಷ್ಟು ಗುಣ ಒಟ್ಟಿಗೆ ಕೂಡಿ ಬರುವುದಿಲ್ಲ.

ನನ್ನ ತಕರಾರು ಏನೆಂದರೆ, ಇವರು ನರಮಂಡಲದ ಒಳ್ಳೆಯ ನಡತೆಯನ್ನಷ್ಟೇ ನೋಡಿ ಸರ್ಟಿಫಿಕೇಟ್ ಕೊಟ್ಟುಬಿಟ್ಟರು. ಇಂಟರ್‌ವ್ಯೂ ಕೋಣೆಯ ಹೊರಗೆ ಅಂಗೈ ಬೆವರಿಸುವುದು ಯಾರು? ಪರೀಕ್ಷೆಯ ಬೆಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ಒಂದಕ್ಕೆ ಹೋಗಬೇಕು ಅನ್ನಿಸುವುದು ಯಾರು? ಅದೇ ನರಮಂಡಲ. ಅಪಾಯ ಕಂಡರೆ ಹೊಡೆದಾಡು ಇಲ್ಲವೇ ಓಡು ಅಂತ ದೇಹ ಸಜ್ಜಾಗುವುದನ್ನು ವಾಲ್ಟರ್ ಕ್ಯಾನನ್ ಅನ್ನುವ ಅಮೆರಿಕದ ವಿಜ್ಞಾನಿ 1915ರಷ್ಟು ಹಿಂದೆಯೇ ವಿವರಿಸಿದ್ದಾರೆ. ಆದರೆ ಎದುರಿಗಿರುವುದು ಹುಲಿಯೋ, ‘ಎರಡು ನಿಮಿಷ ಬನ್ನಿ, ಮಾತಾಡಬೇಕು’ ಅನ್ನುವ ಮ್ಯಾನೇಜರೋ, ಈ ನರಕ್ಕೆ ಭೇದವಿಲ್ಲ. ಎರಡಕ್ಕೂ ಅದೇ ಅಡ್ರಿನಲಿನ್. ಕೆಲವರಿಗೆ ಸೂಜಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದರೆ ಎದೆಬಡಿತ ಇಳಿದು, ಬಿಪಿ ಬಿದ್ದು, ಆಸಾಮಿ ನೆಲಕ್ಕೆ. ಇಂಥವನನ್ನು ಮಾದರಿಯಾಗಿಟ್ಟುಕೊಂಡರೆ ಶಿಷ್ಯನಿಗೆ ಗುರುವಿನ ಚಾಳಿ ಬಾರದೇ ಇದ್ದೀತೇ?

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗನದು ಇಂಥ ಕಂಪ್ಯೂಟರ್ ವ್ಯವಸ್ಥೆಗಳನ್ನು ನೋಡಿಕೊಳ್ಳುವ ಕಸುಬು. ಮದುವೆ ಮನೆಗೂ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡೇ ಬರುತ್ತಾನೆ, ಆನ್‌ಕಾಲ್ ಅಂತೆ. “ಅಲ್ವೋ, ಎಲ್ಲಾ ತಾನೇ ಸರಿಹೋಗುತ್ತೆ ಅಂತೀಯಲ್ಲ, ಮತ್ತೆ ನೀನ್ಯಾಕೋ?” ಅಂದೆ. “ತಾನೇ ಸರಿಹೋಗ್ತಿದೆಯಾ ಅಂತ ನೋಡೋಕೆ ಒಬ್ಬರು ಬೇಕಲ್ಲ ಮಾವ” ಅಂದ. ಹೋಳಿಗೆ ಬರುವುದರೊಳಗೆ ಕ್ಯೂಬರ್ನೆಟೀಸ್ ಅಂದರೇನು ಅಂತ ಒಂದು ಪಾಠವೂ ಆಯಿತು. ಗೂಗಲ್‌ನವರು 2014ರಲ್ಲಿ ಹೊರಬಿಟ್ಟ ತಂತ್ರಾಂಶ. ಸಾವಿರಾರು ಪ್ರೋಗ್ರಾಂಗಳನ್ನು ಕಾಯುವ ಕೆಲಸ. ‘ಬದುಕಿದ್ದೀಯೇನಪ್ಪ’ ಅಂತ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಒಂದೊಂದನ್ನೂ ವಿಚಾರಿಸಿಕೊಳ್ಳುತ್ತದೆ. ಸತತ 3 ಸಲ ಉತ್ತರ ಬರಲಿಲ್ಲವೋ, ಕೊಂದು ಮತ್ತೆ ಹುಟ್ಟಿಸುತ್ತದೆ. ಅದರ ವೈದ್ಯಶಾಸ್ತ್ರದಲ್ಲಿ ಮುಖ್ಯ ಔಷಧಿ ಪುನರ್ಜನ್ಮ! ಆದರೆ ಕೋಡ್ ಅದೇ ತಾನೇ? ಪೂರ್ವಜನ್ಮದ ಬಗ್ ಹೊತ್ತುಕೊಂಡೇ ಹುಟ್ಟಿದ ಪ್ರೋಗ್ರಾಂ ಕಣ್ಣು ಬಿಡುತ್ತಲೇ ಮತ್ತೆ ಸಾಯುತ್ತದೆ. ಆಗ ಕ್ಯೂಬರ್ನೆಟೀಸ್ 10 ಸೆಕೆಂಡು ತಡೆದು ಹುಟ್ಟಿಸುತ್ತದೆ, ಆಮೇಲೆ 20, ಆಮೇಲೆ 40, ಹೀಗೆ ಬೆಳೆದು 5 ನಿಮಿಷಕ್ಕೆ ನಿಲ್ಲುತ್ತದೆ. ಪರದೆಯ ಮೇಲೆ ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ ಅಂತ ಬರುವುದು ಆಗಲೇ. ಈ ಸಂಸಾರಚಕ್ರದಿಂದ ಬಿಡಿಸಿ ಮೋಕ್ಷ ಕೊಡಬೇಕಾದವನು ಹೋಳಿಗೆ ಬಿಟ್ಟು ಏಳುವ ನಮ್ಮ ಹುಡುಗ.

ಇನ್ನು ಯಂತ್ರಗಳ ಮೂರ್ಛೆಯ ವಿಷಯಕ್ಕೆ ಬರುತ್ತೇನೆ. 2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯೇ? ನಮ್ಮಲ್ಲಿ ಒಂಬತ್ತರ ಸುಮಾರಿಗೆ ವಾಟ್ಸಾಪು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಮೂರೂ ಒಟ್ಟಿಗೆ ಮಾಯ. ಗುಡ್‌ನೈಟ್ ಸಂದೇಶ ಬಾರದೆ ಎಷ್ಟೋ ಕುಟುಂಬಗಳು ಆವತ್ತು ನಿಜಕ್ಕೂ ನೆಮ್ಮದಿಯಿಂದ ಮಲಗಿದವು. ನಡೆದದ್ದಿಷ್ಟು: ನಿರ್ವಹಣೆಗೆಂದು ಕೊಟ್ಟ ಒಂದು ಕಮಾಂಡ್ ಈ ಮೂರನ್ನೂ ನಡೆಸುವ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಅಂಥ ಕಮಾಂಡನ್ನು ತಡೆಯಲೆಂದೇ ಕೂರಿಸಿದ್ದ ಕಾವಲು ತಂತ್ರಾಂಶದಲ್ಲೂ ಒಂದು ಬಗ್. ಇಲ್ಲಿಯವರೆಗಿನದು ಮಾಮೂಲಿ. ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್‌ಗಳಿಗೆ ಒಂದು ಆತ್ಮಪರೀಕ್ಷೆ ಕಲಿಸಿಟ್ಟಿದ್ದರು: ಡೇಟಾ ಸೆಂಟರ್ ಕಾಣದಿದ್ದರೆ ನನಗೇ ಏನೋ ಆಗಿದೆ ಅಂತ ತಿಳಿದು ಬದಿಗೆ ಸರಿಯಬೇಕು. ಒಂದು ಸರ್ವರ್‌ಗೆ ಕಾಯಿಲೆಯಾದಾಗ ಎಂಥ ವಿನಯ! ಆವತ್ತು ಮಾತ್ರ ಎಲ್ಲಕ್ಕೂ ಒಂದೇ ಗಳಿಗೆಯಲ್ಲಿ ಈ ವಿನಯ ಉಕ್ಕಿ ಬಂತು. ಎಲ್ಲವೂ ‘ನಾನು ಸರಿಯಿಲ್ಲ’ ಅಂತ ಇಂಟರ್‌ನೆಟ್ಟಿನಿಂದ ಹಿಂದೆ ಸರಿದವು. ಕಂಪನಿಯ ಎಂಜಿನಿಯರ್‌ಗಳಿಗೂ ಒಳಗೆ ಹೋಗಲು ದಾರಿಯಿಲ್ಲ. ಡೇಟಾ ಸೆಂಟರಿಗೇ ಜನ ಅಟ್ಟಿದರೆ ಅಲ್ಲಿ ಕಳ್ಳಕಾಕರು ಬಾರದಂತೆ ಮಾಡಿದ್ದ ಬಂದೋಬಸ್ತು ಒಡೆಯನನ್ನೇ ತಡೆದು ನಿಲ್ಲಿಸಿತು. ಸರಿಹೋಗಲು ಸುಮಾರು ಆರು ಗಂಟೆ ಬೇಕಾಯಿತು.

ದೇಹ ಇಷ್ಟು ಪೆದ್ದಲ್ಲ, ಅದನ್ನು ಒಪ್ಪಬೇಕು. ಹೃದಯದ ಬಡಿತ ಹುಟ್ಟುವುದು ಹೃದಯದಲ್ಲೇ. ಮೆದುಳಿನಿಂದ ಬರುವ ನರಗಳದು ವೇಗ ಏರಿಸಿ ಇಳಿಸುವ ಕೆಲಸವಷ್ಟೇ. ಕಸಿ ಮಾಡಿದ ಹೃದಯಕ್ಕೆ ನರದ ನಂಟೇ ಕಡಿದಿರುತ್ತದೆ, ಆದರೂ ಬಡಿಯುತ್ತದೆ, ಸ್ವಲ್ಪ ಜೋರಾಗಿಯೇ. ಮೇಲಿನವರ ಫೋನ್ ಬರಲಿಲ್ಲ ಅಂತ ಅಂಗಡಿ ಮುಚ್ಚಿಕೊಂಡು ಹೋಗುವುದಿಲ್ಲ.

ಕಾಪಾಡಿಕೊಳ್ಳುವ ಗುಣದ ಕಥೆಯೂ ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಕಾವಲುಗಾರ ತಂತ್ರಾಂಶಕ್ಕೆ ಬಂದ ಒಂದು ಅಪ್‌ಡೇಟ್, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳನ್ನು ನೀಲಿ ಪರದೆಯಲ್ಲಿ ಮಲಗಿಸಿತು. ನಮ್ಮ ಏರ್‌ಪೋರ್ಟ್‌ಗಳಲ್ಲಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಅದಕ್ಕಿಂತ ಹೆಚ್ಚು ಏನು ಹೇಳಲಿ.

ನನಗೆ ಅಚ್ಚುಮೆಚ್ಚಿನದು 2025ರ ಅಕ್ಟೋಬರ್ 20ರದು. ಅಮೆಜಾನಿನ ವರ್ಜೀನಿಯಾದ ಡೇಟಾ ಸೆಂಟರ್‌ಗಳಲ್ಲಿ ಡೈನಮೋಡಿಬಿ ಅನ್ನುವ ಸೇವೆಯ ವಿಳಾಸಪಟ್ಟಿ ನೋಡಿಕೊಳ್ಳಲು ಒಬ್ಬ ಪ್ಲಾನರ್, ಅವನು ಬರೆದದ್ದನ್ನು ಜಾರಿ ಮಾಡಲು ಒಬ್ಬನಲ್ಲ, ಮೂವರು ಎನಾಕ್ಟರ್‌ಗಳು. ಒಬ್ಬ ಬಿದ್ದರೆ ಇನ್ನೊಬ್ಬನಿರಲಿ ಅಂತ ಮುಂಜಾಗ್ರತೆ. ಎಲ್ಲರೂ ಸಾಫ್ಟ್‌ವೇರೇ. ಆವತ್ತು ಒಬ್ಬ ಎಲ್ಲೋ ತಡವರಿಸಿದ. ಅಷ್ಟರಲ್ಲಿ ಇನ್ನೊಬ್ಬ ಹೊಸ ಪಟ್ಟಿ ಜಾರಿ ಮಾಡಿ, ಹಳೆಯವನ್ನು ಗುಡಿಸತೊಡಗಿದ. ಅದೇ ಹೊತ್ತಿಗೆ ತಡವಾದವನು ಏದುಸಿರು ಬಿಡುತ್ತ ಬಂದು ಹೊಸದರ ಮೇಲೆ ತನ್ನ ಹಳೆಯ ಪಟ್ಟಿ ಅಂಟಿಸಿದ. ಗುಡಿಸುವವನು ನೋಡಿದ, ‘ಓ, ಇದೂ ಹಳತು’ ಅಂತ ಅದನ್ನೂ ತೆಗೆದ. ಮದುವೆ ಮನೆಯಲ್ಲಿ ಇಬ್ಬರು ಚಿಕ್ಕಪ್ಪಂದಿರು ಉಸ್ತುವಾರಿಗೆ ನಿಂತರೆ ಇದಕ್ಕಿಂತ ಬೇರೆ ಆಗುತ್ತದೆಯೇ? ವಿಳಾಸವಿದ್ದ ಜಾಗ ಖಾಲಿ. ತಾನೇ ಸರಿಪಡಿಸಿಕೊಳ್ಳಬೇಕಾದ ವ್ಯವಸ್ಥೆಗೆ ಮುಂದೇನು ಅಂತ ತೋಚದೆ, ಕೊನೆಗೆ ಮನುಷ್ಯರೇ ಕೈಹಾಕಬೇಕಾಯಿತು. ಆಮೇಲೆ ಅಮೆಜಾನಿನವರು ದೋಷ ತಿದ್ದುವವರೆಗೆ ಆ ಪ್ಲಾನರನ್ನೂ ಎನಾಕ್ಟರ್‌ಗಳನ್ನೂ ಜಗತ್ತಿನಾದ್ಯಂತ ಸುಮ್ಮನೆ ಕೂರಿಸಿದರು.

ಇದನ್ನು ಅಕ್ಕನ ಮಗನಿಗೆ ಓದಿ ಹೇಳಿದೆ. ಕೇಳಿ ಅವನ ಮುಖ ಸಪ್ಪಗಾಯಿತು. “ನೋಡಿ ಮಾವ, ಅಷ್ಟು ದೊಡ್ಡ ತಪ್ಪು ಮಾಡಿದ್ದಕ್ಕೆ ಅದಕ್ಕೆ ರಜೆ ಸಿಕ್ತು. ನಾನು ದೀಪಾವಳಿಗೆ ಎರಡು ದಿನ ಕೇಳಿದ್ದೀನಿ, ಇನ್ನೂ ಅಪ್ರೂವ್ ಆಗಿಲ್ಲ.”